ಗಾಯಕ ಲಕ್ಷಣ

ಕಳೆದ ಮಾಘ ಮಾಸದ ಒಂದು ಸಂಜೆ ಜಗುಲಿಯ ಮೇಲೆ ಕುಳಿತಿದ್ದಾಗ ನನ್ನ ಹಳೆಯ ಶಿಷ್ಯನೊಬ್ಬನು ತನ್ನ ಮಗಳ ಕೈಹಿಡಿದುಕೊಂಡು ಬಂದನು. ಅವನೀಗ ಬ್ಯಾಂಕಿನಲ್ಲಿ ಉದ್ಯೋಗಸ್ಥನು. ಪ್ರೌಢಶಾಲೆಯಲ್ಲಿ ನನ್ನಿಂದ ಸಂಸ್ಕೃತವನ್ನು ಕಲಿತವನು. ಶಬ್ದರೂಪಗಳನ್ನು ಇಂದಿಗೂ ಮರೆತಿಲ್ಲವೆಂದು ಹೇಳಿಕೊಳ್ಳುತ್ತಾನೆ, ನಾನು ಪರೀಕ್ಷಿಸಲು ಹೋಗಿಲ್ಲ. ಕುಶಲಪ್ರಶ್ನೆಗಳಾದ ಮೇಲೆ ಅವನು ಬಂದ ಕಾರಣವನ್ನು ಅರುಹಿದನು.

"ಮೇಷ್ಟ್ರೇ, ಇವಳು ಸಂಗೀತಕ್ಕೆ ಸೇರಿ ಮೂರು ವರ್ಷವಾಯಿತು. ಇನ್ನೂ ಮಾಯಾಮಾಳವಗೌಳದಲ್ಲೇ ಇದ್ದಾಳೆ. ಸರಳೆ, ಜಂಟಿ, ಅಲಂಕಾರ, ಒಂದೆರಡು ಗೀತೆ, ಅಷ್ಟೇ. ನಮ್ಮ ಪಕ್ಕದ ಮನೆಯ ಹುಡುಗಿ ಇವಳ ಜತೆಯವಳೇ; ಬೇರೆ ಕಡೆ ಕಲಿತು ಆಗಲೇ ಹತ್ತು ಕೃತಿ ಹಾಡುತ್ತಾಳೆ, ಟೀವಿಯಲ್ಲೂ ಬಂದಳು. ಗುರುಗಳನ್ನು ಬದಲಾಯಿಸೋಣವೆಂದಿದ್ದೇನೆ. ತಾವು ಏನು ಹೇಳುತ್ತೀರಿ?"

ಇದು ಸುಲಭವಾದ ಪ್ರಶ್ನೆಯಂತೆ ತೋರುವುದು. ಆದರೆ ಹೆತ್ತವರ ಒಂದು ಮಾತಿನಿಂದ ಮಗುವೊಂದರ ಬಾಳಿನಲ್ಲಿ ಸಂಗೀತವು ನಿಲ್ಲುವುದೋ ಹೋಗುವುದೋ ನಿರ್ಣಯವಾಗುವುದುಂಟು. ಅಂತಹ ಒಂದು ನಿರ್ಣಯದಲ್ಲಿ ನಾನೂ ಒಮ್ಮೆ ಪಾಲುಗಾರನಾಗಿದ್ದೆನು. ಅದನ್ನು ಮುಂದೆ ನಿವೇದಿಸುವೆನು. ಆ ಸಂಜೆ ನಾನು ಅವನಿಗೆ ಒಡನೆಯೇ ಉತ್ತರ ಕೊಡಲಿಲ್ಲ. "ಬರುವ ಭಾನುವಾರ ಬಾರಪ್ಪಾ, ಮಗುವನ್ನೂ ಕರೆದುಕೊಂಡು ಬಾ" ಎಂದು ಹೇಳಿ ಕಳುಹಿಸಿ, ಒಳಗೆ ಹೋಗಿ ಕಪಾಟಿನಿಂದ 'ಸಂಗೀತ ರತ್ನಾಕರ'ವನ್ನು ತೆಗೆದೆನು. ಕಷ್ಟ ಬಂದಾಗ ಪುಸ್ತಕವನ್ನು ತೆರೆಯುವುದು ಮೇಷ್ಟ್ರುಗಳ ಹಳೆಯ ರೋಗ.

ಈ ಗ್ರಂಥವನ್ನು ರಚಿಸಿದ ಶಾರ್ಙ್ಗದೇವನು 13ನೆಯ ಶತಮಾನದವನು. ಅವನ ಪೂರ್ವಿಕರು ಕಾಶ್ಮೀರದಿಂದ ದಕ್ಷಿಣಕ್ಕೆ ಬಂದವರು. ಕನ್ನಡ ಶಾಸನಗಳನ್ನೂ ಬರೆಯಿಸಿದ ದೇವಗಿರಿಯ ಸೇವುಣ ವಂಶದಲ್ಲಿ ಸಿಂಘಣನು ಅರಸನಾಗಿದ್ದಾಗ ಇವನು ಶ್ರೀಕರಣ, ಎಂದರೆ ಲೆಕ್ಕಪತ್ರಗಳ ಅಧಿಕಾರಿಯಾಗಿದ್ದನು. ಹಗಲೆಲ್ಲ ರಾಜ್ಯದ ಆಯವ್ಯಯವನ್ನು ನೋಡುತ್ತಿದ್ದವನು ಏಳು ಅಧ್ಯಾಯಗಳ ಸಂಗೀತಶಾಸ್ತ್ರವನ್ನು ಬರೆದನೆಂಬುದು, ಕಚೇರಿಯ ಕೆಲಸದಿಂದ ಬಿಡುವೇ ಇಲ್ಲವೆನ್ನುವ ನಮ್ಮ ಗೃಹಸ್ಥರು ಗಮನಿಸತಕ್ಕ ಸಂಗತಿ. 15ನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿದ್ದ ಕಲ್ಲಿನಾಥನು ಇದಕ್ಕೆ 'ಕಲಾನಿಧಿ'ಯೆಂಬ ವ್ಯಾಖ್ಯಾನವನ್ನು ರಚಿಸಿದನು. ಹೀಗೆ ಈ ಗ್ರಂಥಕ್ಕೂ ನಮ್ಮ ನಾಡಿಗೂ ಇರುವ ನಂಟು ಹಳೆಯದು.

ಇದರ ಮೂರನೆಯದಾದ ಪ್ರಕೀರ್ಣಕಾಧ್ಯಾಯದಲ್ಲಿ ಗಾಯಕರ ಗುಣದೋಷಗಳ ವಿಚಾರವಿದೆ. ದೋಷಗಳು 25. ಲೆಕ್ಕಪತ್ರದ ಅಧಿಕಾರಿಯಲ್ಲವೇ, ಒಂದನ್ನೂ ಬಿಟ್ಟಿಲ್ಲ. ಹಲ್ಲು ಕಚ್ಚಿಕೊಂಡು ಹಾಡುವವನು ಸಂದಷ್ಟನು. ರಸವಿಲ್ಲದೆ ಕೂಗುವವನು ಉದ್ಘುಷ್ಟನು. ಬಾಯನ್ನು ಭಯಂಕರವಾಗಿ ತೆರೆಯುವವನು ಕರಾಲಿ. ಕಾಗೆಯ ಕಂಠದವನು ಕಾಕಿ. ಒಂಟೆಯಂತೆ ಕತ್ತೆತ್ತುವವನು ಕರಭನು. ಹಣೆ, ಮುಖ, ಕೊರಳುಗಳ ನರಗಳು ಉಬ್ಬುವಂತೆ ಹಾಡುವವನು ಝೋಂಬಕನು. ಸೋರೆಬುರುಡೆಯಂತೆ ಕೆನ್ನೆಯುಬ್ಬಿಸುವವನು ತುಂಬಕಿ. ಇನ್ನು ತಾಳ ತಪ್ಪುವವನು, ಶ್ರುತಿಗೆ ಹೆಚ್ಚಾಗಿಯೋ ಕಡಮೆಯಾಗಿಯೋ ಸ್ವರ ಹಿಡಿಯುವವನು, ಮೂಗಿನಿಂದ ಹಾಡುವವನು, ಅಕ್ಷರ ಸ್ಪಷ್ಟವಿಲ್ಲದವನು, ರಾಗಗಳನ್ನು ಕಲಬೆರಕೆ ಮಾಡುವವನು, ಅವಧಾನವಿಲ್ಲದವನು, ಹೀಗೆ ಪಟ್ಟಿ ಬೆಳೆಯುತ್ತದೆ. ಮುಂದಿನ ರಾಮೋತ್ಸವದ ಕಚೇರಿಗೆ ಈ ಪಟ್ಟಿಯನ್ನು ಹಿಡಿದುಕೊಂಡು ಹೋದರೆ ಮನೆಮಂದಿಗೆಲ್ಲ ವಿನೋದವಾಗುವುದರಲ್ಲಿ ಸಂದೇಹವಿಲ್ಲ. ಆದರೆ ನಗುವನ್ನು ಒಳಗೇ ಇಟ್ಟುಕೊಳ್ಳಬೇಕು.

ಕಣ್ಣು ಮುಚ್ಚಿ ಹಾಡುವವನನ್ನೂ ನಿಮೀಲಕನೆಂದು ಶಾರ್ಙ್ಗದೇವನು ದೋಷದಲ್ಲಿ ಸೇರಿಸಿದ್ದಾನೆ. ಈ ಒಂದು ವಿಷಯದಲ್ಲಿ ನನಗೆ ಆಚಾರ್ಯನೊಡನೆ ಸಮ್ಮತಿಯಿಲ್ಲ. ಕಣ್ಣು ಮುಚ್ಚಿದವರಲ್ಲಿಯೂ ಎರಡು ಬಗೆಯುಂಟು. ಸಭೆಯನ್ನು ನೋಡಲಾರದೆ ಮುಚ್ಚುವವರು ಬೇರೆ, ನಾದವನ್ನು ಕೇಳುವುದಕ್ಕಾಗಿ ಮುಚ್ಚುವವರು ಬೇರೆ. ಇನ್ನೊಂದು ದೋಷದ ಹೆಸರನ್ನು ಕಂಡು ಮಾತ್ರ ಬಹಳ ಹೊತ್ತು ಯೋಚಿಸುತ್ತ ಕುಳಿತೆನು. ಅವಸರದಿಂದ ಹಾಡುವವನಿಗೆ ಅವನು ಇಟ್ಟಿರುವ ಹೆಸರು 'ಶಂಕಿತ' ಎಂಬುದು. ವೇಗವು ಧೈರ್ಯದ ಚಿಹ್ನೆಯೆಂದು ನಾವೆಲ್ಲ ತಿಳಿದಿರುವಾಗ, ಅದರ ಬುಡದಲ್ಲಿ ಶಂಕೆಯಿದೆಯೆಂದು ಏಳೆಂಟು ನೂರು ವರ್ಷಗಳ ಹಿಂದೆಯೇ ಒಬ್ಬನು ಕಂಡುಕೊಂಡಿದ್ದನು. ನಿಧಾನವಾಗಿ ಒಂದು ಸ್ವರದ ಮೇಲೆ ನಿಲ್ಲಬೇಕಾದರೆ ಆ ಸ್ವರದಲ್ಲಿ ನಂಬಿಕೆಯಿರಬೇಕು. ನಂಬಿಕೆಯಿಲ್ಲದವನು ಸುಡುವ ಮರಳಿನ ಮೇಲೆ ನಡೆಯುವವನಂತೆ ಬೇಗಬೇಗನೆ ಹೆಜ್ಜೆ ಕಿತ್ತಿಡುತ್ತಾನೆ.

ದೋಷಗಳಿಲ್ಲದ ಮಾತ್ರಕ್ಕೆ ಗಾಯಕನಾಗುವನೇ? ಇಲ್ಲ. ಗಾಯಕರಲ್ಲಿ ಐದು ಬಗೆಗಳನ್ನು ಅವನು ಎಣಿಸುತ್ತಾನೆ. ಲೋಪವಿಲ್ಲದೆ ಶಿಷ್ಯರಿಗೆ ಕಲಿಸಬಲ್ಲವನು ಶಿಕ್ಷಾಕಾರ, ಇತರರ ಭಂಗಿಯನ್ನು ಅನುಸರಿಸುವವನು ಅನುಕಾರ, ತಾನೇ ರಸದಲ್ಲಿ ಮುಳುಗುವವನು ರಸಿಕ, ಕೇಳುವವರನ್ನು ರಂಜಿಸುವವನು ರಂಜಕ, ನೀರಸವಾದುದಕ್ಕೂ ಭಾವವನ್ನು ತುಂಬುವವನು ಭಾವುಕ. ಇವುಗಳಲ್ಲಿ ಅನುಕಾರನನ್ನು ನಾವು ಹಗುರವಾಗಿ ಕಾಣಬಾರದು. ಗುರುಮುಖದಿಂದ ಬಂದ ವಿದ್ಯೆಯೆಲ್ಲ ಮೊದಲು ಅನುಕರಣವೇ. ಆದರೆ ಮೊಬೈಲಿನಲ್ಲಿ ಹಾಡನ್ನು ಹತ್ತು ಸಲ ಕೇಳಿ ಹನ್ನೊಂದನೆಯ ಸಲ ಅದೇ ಉಸಿರಿನಲ್ಲಿ, ಅದೇ ಗಮಕದಲ್ಲಿ ಒಪ್ಪಿಸುವ ಮಕ್ಕಳನ್ನು ಈಗ ಎಲ್ಲೆಲ್ಲಿಯೂ ಕಾಣುತ್ತೇವೆ. ಅವರಿಗೆ ಹಾಡಿನ ತುದಿಯವರೆಗೆ ದಾರಿ ಗೊತ್ತು. ನಡುವೆ ಎಲ್ಲಿಯಾದರೂ ನಿಲ್ಲಿಸಿ ಕೇಳಿದರೆ ತಾವೆಲ್ಲಿದ್ದೇವೆಂಬುದು ಗೊತ್ತಿಲ್ಲ.

ಲೋಕದಲ್ಲಿ ಗಾಯಕನಿಗೆ ಮೊದಲು ಬೇಕಾದುದು ಇಂಪಾದ ಕಂಠವೆಂದು ಭಾವನೆಯುಂಟು. ಶಾಸ್ತ್ರಕಾರನು 'ಶಾರೀರ' ಎಂಬ ಶಬ್ದವನ್ನು ಬಳಸುತ್ತಾನೆ. ಅಭ್ಯಾಸದ ಬಲವಿಲ್ಲದೆಯೇ ರಾಗವನ್ನು ವ್ಯಕ್ತಪಡಿಸಬಲ್ಲ, ದೇಹದೊಡನೆ ಹುಟ್ಟಿಬಂದ ಶಕ್ತಿಯೆಂದು ಅದರ ಅರ್ಥ. ಇಂಪೆಂಬುದು ಅದರ ಒಂದು ಅಂಶ ಮಾತ್ರ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ (1913-2009) ಕಂಠವನ್ನು ನೆನೆಯಿರಿ. ಅವರ ಎಳೆಯ ವಯಸ್ಸಿನ ಧ್ವನಿ ತೆಳುವಾಗಿ ಕೋಮಲವಾಗಿದ್ದಿತು; ಗಂಟಲಿನ ಚಿಕಿತ್ಸೆಯಾದ ಮೇಲೆ ಅದು ಗಂಡುದನಿಯಂತೆ ಗಡುಸಾಯಿತು. ಬೇರೆಯವರಾದರೆ ವಿಧಿಯನ್ನು ಹಳಿದು ತಂಬೂರಿಯನ್ನು ಮೂಲೆಗಿಡುತ್ತಿದ್ದರು. ಅವರೋ ಆ ಗಡುಸುದನಿಯಲ್ಲಿಯೇ ರಾಗದ ಗಾಂಭೀರ್ಯವನ್ನು ಕಟ್ಟಿ ನಿಲ್ಲಿಸಿದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ (1886-1952) ಅವರು ಪಾಠ ಕಲಿತರು. ಆ ಗುರುಗಳ ಕಂಠವೂ ಸುಲಭವಾಗಿ ಬಾಗುವ ಕಂಠವಾಗಿರಲಿಲ್ಲವೆಂದೂ, ಸಾಧನೆಯಿಂದಲೇ ಅದನ್ನು ಹದಗೊಳಿಸಿದರೆಂದೂ ಬಲ್ಲವರು ಹೇಳುತ್ತಾರೆ. ಒಂದೇ ಸ್ವರಪಂಕ್ತಿಯನ್ನು ದಿನಗಟ್ಟಲೆ ಹೇಳಿಸುವುದು ಅವರ ಪಾಠಕ್ರಮವಾಗಿತ್ತು. ನನ್ನ ಶಿಷ್ಯನು ಆ ಕಾಲದಲ್ಲಿ ಹುಟ್ಟಿದ್ದರೆ ಅವರ ಮನೆಯಿಂದಲೂ ಮಗಳನ್ನು ಬಿಡಿಸಿಕೊಂಡು ಬರುತ್ತಿದ್ದನೋ ಏನೋ.

ಕಂಠಕ್ಕಿಂತ ಮಿಗಿಲಾದುದು ಕಿವಿ. ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಂ ಖಾನರು (1872-1937) ಶ್ರುತಿಶುದ್ಧಿಗೆ ಹೆಸರಾದವರು; ಮೈಸೂರು ಆಸ್ಥಾನದ ಮನ್ನಣೆಯನ್ನೂ ಪಡೆದವರು. 1937ರಲ್ಲಿ ಮದರಾಸಿನಿಂದ ಪಾಂಡಿಚೇರಿಗೆ ಹೋಗುವಾಗ ದಾರಿಯಲ್ಲಿ ಎದೆನೋವು ಬಂದು, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಅಲ್ಲಿ ತಂಬೂರಿಯನ್ನು ಶ್ರುತಿಮಾಡಿಸಿ, ಹಾಡುತ್ತಲೇ ಪ್ರಾಣ ಬಿಟ್ಟರೆಂದು ಹೇಳುವುದನ್ನು ಕೇಳಿದ್ದೇವೆ. ಆ ಹೊತ್ತಿನಲ್ಲಿಯೂ ಶ್ರುತಿ ಸೇರದೆ ಹಾಡಲು ಅವರಿಗೆ ಮನಸ್ಸು ಬರಲಿಲ್ಲ.

ತಂಬೂರಿಯೆಂದರೆ ನಾಲ್ಕೇ ತಂತಿ: ಪಂಚಮ, ಎರಡು ಸಾರಣೆ, ಮಂದ್ರಷಡ್ಜ. ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲಿನ ಎಳೆಯನ್ನು ಹಿಂದಕ್ಕೆ ಮುಂದಕ್ಕೆ ಸರಿಸುತ್ತ ಹೋದರೆ ಒಂದು ಸ್ಥಾನದಲ್ಲಿ ನಾದವು ಥಟ್ಟನೆ ಅರಳುತ್ತದೆ. ಆ ಸ್ಥಾನವನ್ನು ಕಣ್ಣು ತೋರಿಸಲಾರದು, ಕಿವಿಯೇ ಹುಡುಕಬೇಕು. ಈಗ ವಿದ್ಯುತ್ ಶ್ರುತಿಪೆಟ್ಟಿಗೆ ಬಂದಿದೆ, ಗುಂಡಿಯೊತ್ತಿದರೆ ಆಯಿತು. ಅದರಿಂದ ಅನುಕೂಲವಿಲ್ಲವೆಂದು ನಾನು ಹೇಳಲಾರೆ. ಆದರೆ ದಿನವೂ ಅರ್ಧ ಗಳಿಗೆ ತಂತಿಯನ್ನು ತಿರುಪಿ, ಹೆಚ್ಚಿತೇ ತಗ್ಗಿತೇ ಎಂದು ಕಾತರಿಸಿ ಕೇಳುತ್ತಿದ್ದ ಕಿವಿಗೆ ಆಗುತ್ತಿದ್ದ ಶಿಕ್ಷಣವು ಆ ಗುಂಡಿಯಲ್ಲಿಲ್ಲ. ನಾನು ಹಾಡಬಲ್ಲವನಲ್ಲ, ನನ್ನ ಕಂಠವು ಮೇಲೆ ಹೇಳಿದ ಪಟ್ಟಿಯಲ್ಲಿ ಐದಾರು ಕಡೆ ಸಲ್ಲುತ್ತದೆ. ಶ್ರುತಿ ಸೇರುವುದೆಂದರೇನೆಂದು ನಾನು ತಿಳಿದದ್ದು ಶಾಸ್ತ್ರದಿಂದಲ್ಲ, ನಮ್ಮ ಮನೆಯಾಕೆ ಶುಕ್ರವಾರದ ಸಂಜೆಗಳಲ್ಲಿ ತನ್ನ ತಾಯಿ ಕೊಟ್ಟ ತಂಬೂರಿಯನ್ನು ಶ್ರುತಿಮಾಡುವುದನ್ನು ಕೇಳಿ ಕೇಳಿ.

ಕಿವಿಯ ಮಾತು ಬಂದುದರಿಂದ ಪಕ್ಕವಾದ್ಯದವರನ್ನು ಮರೆಯಲಾಗದು. ತಿರುಮಕೂಡಲು ನರಸೀಪುರದ ಟಿ. ಚೌಡಯ್ಯನವರು (1895-1967) ಪಿಟೀಲಿನ ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ಮಾಡಿದರು. ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ಸಭೆಯ ಕೊನೆಯಲ್ಲಿ ಕುಳಿತವನಿಗೂ ನಾದ ಮುಟ್ಟಲೆಂಬುದು ಅವರ ಉದ್ದೇಶ. ಹಣ ಕೊಟ್ಟು ಮುಂದೆ ಕುಳಿತವನಿಗಿಂತ ಹಿಂದೆ ನಿಂತವನನ್ನು ನೆನೆಯುವುದೂ ಒಂದು ಸಂಗೀತಗುಣವೇ. ಅವರ ಗುರುಗಳಾದ ಬಿಡಾರಂ ಕೃಷ್ಣಪ್ಪನವರು (1866-1931) ನಂದಳಿಕೆಯ ಬಡ ಮನೆಯಲ್ಲಿ ಹುಟ್ಟಿದವರು. ಮುದ್ದಣನು ಹುಟ್ಟಿದುದೂ ಆ ಊರಿನಲ್ಲಿಯೇ. ಒಂದು ಹಳ್ಳಿಗೆ ಅಷ್ಟು ಭಾಗ್ಯ ಸಾಕಲ್ಲವೇ! ಅವರು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದರು.

ವಿನಯವೆಂಬ ಗುಣವನ್ನು ಎಲ್ಲರೂ ಹೊಗಳುತ್ತಾರೆ, ಆದುದರಿಂದ ಅದರ ಬೆಲೆ ಇಳಿದಿದೆ. ವೇದಿಕೆಯ ಮೇಲೆ ಕೈಮುಗಿದು ಬಾಗುವುದಕ್ಕೆ ಈಗ ಆ ಹೆಸರು. ಧಾರವಾಡದ ಮಲ್ಲಿಕಾರ್ಜುನ ಮನಸೂರರ (1910-1992) ಬಾಳಿನ ಒಂದು ಸಂಗತಿ ನನ್ನ ಮನಸ್ಸಿಗೆ ಬರುತ್ತದೆ. ಮಿರಜಿನ ನೀಲಕಂಠಬುವಾ ಅವರಲ್ಲಿ ವರ್ಷಗಟ್ಟಲೆ ಗ್ವಾಲಿಯರ್ ಪದ್ಧತಿಯನ್ನು ಕಲಿತು, ಗ್ರಾಮಫೋನ್ ತಟ್ಟೆಗಳಿಂದ ಹೆಸರಾಗಿದ್ದ ಮೇಲೆ ಅವರು ಮುಂಬಯಿಯಲ್ಲಿ ಮಂಜೀಖಾನರ ಬಳಿ ಮತ್ತೆ ಶಿಷ್ಯರಾಗಿ ಕುಳಿತರು. ತಟ್ಟೆಗಳು ಮಾರಾಟವಾಗುತ್ತಿದ್ದ ಗಾಯಕನು ಬೇರೊಂದು ಘರಾಣೆಯ ಪಾಠವನ್ನು ಮೊದಲಿನಿಂದ ಹಿಡಿದನೆಂದರೆ, ತಾನು ಅದುವರೆಗೆ ಗಳಿಸಿದುದನ್ನು ಪಣಕ್ಕೆ ಒಡ್ಡಿದಂತೆಯೇ. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, 1937ರಲ್ಲಿ, ಮಂಜೀಖಾನರು ತೀರಿಕೊಂಡರು. ಮನಸೂರರು ಹಿಂದಿರುಗಲಿಲ್ಲ, ಅವರ ತಮ್ಮನಾದ ಬುರ್ಜೀಖಾನರಲ್ಲಿ ಪಾಠವನ್ನು ಮುಂದುವರಿಸಿದರು. ಅವರು ತಮ್ಮ ಕಥೆಯನ್ನು 'ನನ್ನ ರಸಯಾತ್ರೆ'ಯೆಂಬ ಹೆಸರಿನಿಂದ ಬರೆದಿದ್ದಾರೆ. ಮನೆಯಲ್ಲಿ ಸಂಗೀತ ಕಲಿಯುವ ಮಕ್ಕಳಿದ್ದವರು ಅದನ್ನು ತಂದಿಡುವುದು ಒಳ್ಳೆಯದು.

ಶಾರ್ಙ್ಗದೇವನು ವಾಗ್ಗೇಯಕಾರನ, ಎಂದರೆ ಮಾತು ಧಾತುಗಳೆರಡನ್ನೂ ರಚಿಸುವವನ ಗುಣಗಳನ್ನು ಹೇಳುವಾಗ ವ್ಯಾಕರಣ, ಕೋಶ, ಛಂದಸ್ಸು, ಅಲಂಕಾರ, ನಾನಾ ದೇಶಗಳ ರೀತಿ ನೀತಿ ಎಂದು ಪಾಂಡಿತ್ಯದ ಪಟ್ಟಿಯನ್ನು ಕೊಡುತ್ತಾನೆ. ಆ ನಡುವೆ, ಯಾರೂ ನಿರೀಕ್ಷಿಸದ ಸ್ಥಳದಲ್ಲಿ, ಕೋಪದ್ವೇಷಗಳನ್ನು ಬಿಟ್ಟಿರಬೇಕು, ಮನಸ್ಸು ಆರ್ದ್ರವಾಗಿರಬೇಕು, ಪರರ ಚಿತ್ತವನ್ನು ಅರಿಯಬೇಕು, ಇನ್ನೊಬ್ಬರು ಉಂಡುಬಿಟ್ಟ ಎಂಜಲು ಮಾತನ್ನು ಮುಟ್ಟಬಾರದು ಎನ್ನುತ್ತಾನೆ. ಛಂದಸ್ಸಿಗೂ ದ್ವೇಷಕ್ಕೂ ಏನು ಸಂಬಂಧವೆಂದು ಯೌವನದಲ್ಲಿ ನಾನು ನಕ್ಕಿದ್ದೆನು. ಮೈಸೂರು ವಾಸುದೇವಾಚಾರ್ಯರ (1865-1961) 'ನಾ ಕಂಡ ಕಲಾವಿದರು' ಎಂಬ ಪುಸ್ತಕವನ್ನು ಓದಿದ ಮೇಲೆ ಆ ಸಂಬಂಧ ಸ್ವಲ್ಪ ಹೊಳೆಯಿತು. ಸಂಸ್ಕೃತದಲ್ಲಿ ಪಂಡಿತರು, ಪಟ್ಣಂ ಸುಬ್ರಹ್ಮಣ್ಯ ಅಯ್ಯರವರ ಶಿಷ್ಯರು, ಸ್ವತಃ ಕೃತಿಗಳನ್ನು ರಚಿಸಿದವರು ಅವರು. ಅಂತಹವರು ಕುಳಿತು ತಾವು ಕಂಡ ಇತರ ವಿದ್ವಾಂಸರ ವಿದ್ಯೆಯನ್ನು ಮನಸಾರೆ ಮೆಚ್ಚಿ ಬರೆದರು. ಇನ್ನೊಬ್ಬನ ಹಾಡನ್ನು ಪೂರ್ತಿಯಾಗಿ ಕೇಳಬೇಕಾದರೆ ಮನಸ್ಸಿನಲ್ಲಿ ಅವನಿಗಾಗಿ ಸ್ಥಳವಿರಬೇಕು. ದ್ವೇಷವಿದ್ದಲ್ಲಿ ಕಿವಿ ಅರ್ಧ ಮುಚ್ಚುತ್ತದೆ.

ಇಷ್ಟೆಲ್ಲ ಲಕ್ಷಣಗಳನ್ನು ಓದಿದ್ದವನೇ ನಾನು, 2003ನೆಯ ಇಸವಿಯಲ್ಲಿಯೂ. ಆ ವರ್ಷ ನಮ್ಮ ಕಡೆಯ ಒಂದು ಊರಿನಲ್ಲಿ ರಾಮನವಮಿಯ ಪ್ರಯುಕ್ತ ಮಕ್ಕಳ ಸಂಗೀತ ಸ್ಪರ್ಧೆಯನ್ನು ಏರ್ಪಡಿಸಿದ್ದರು. ಶಾಸ್ತ್ರ ಬಲ್ಲವನೆಂಬ ಹೆಸರಿದ್ದುದರಿಂದ ಮೂವರು ತೀರ್ಪುಗಾರರಲ್ಲಿ ನನ್ನನ್ನೂ ಒಬ್ಬನನ್ನಾಗಿ ಕೂರಿಸಿದರು. ಇನ್ನಿಬ್ಬರಲ್ಲಿ ಒಬ್ಬರು ವೃದ್ಧ ವಿದ್ವಾಂಸರು, ಮತ್ತೊಬ್ಬರು ಉತ್ಸವಕ್ಕೆ ಧನಸಹಾಯ ಮಾಡಿದ ಮಹನೀಯರು. ಪ್ರತಿಯೊಂದು ಮಗುವಿಗೂ ಐದು ನಿಮಿಷ. ಸ್ವರ, ತಾಳ, ಸಾಹಿತ್ಯ, ಪ್ರದರ್ಶನ ಎಂದು ಅಂಕಗಳನ್ನು ಹಂಚಿದ್ದ ಅಚ್ಚಾದ ಹಾಳೆಯನ್ನು ನಮ್ಮ ಕೈಗೆ ಕೊಟ್ಟಿದ್ದರು. ಹಾಡನ್ನು ನಡುವೆ ನಿಲ್ಲಿಸಿದರೆ ಐದು ಅಂಕ ಕಳೆಯತಕ್ಕದ್ದೆಂದು ಅದರ ಅಡಿಯಲ್ಲಿ ನಿಯಮವಿದ್ದಿತು.

ಒಬ್ಬ ಹುಡುಗನು ಬಂದು ಮಳೆ ಸುರಿದಂತೆ ಹಾಡಿದನು. ಸ್ವರಗಳೆಂದರೆ ಸ್ವರಗಳು, ವೇಗವೆಂದರೆ ವೇಗ. ಸಭೆಯು ಚಪ್ಪಾಳೆಯಿಂದ ಮೊಳಗಿತು. ಅವನ ಬಳಿಕ ಹನ್ನೆರಡು ವರ್ಷದ ಒಬ್ಬ ಬಾಲಿಕೆ ಬಂದಳು. ವಿಳಂಬ ಕಾಲದಲ್ಲಿ ಎತ್ತಿಕೊಂಡಳು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಹಾಡು ನಿಂತಿತು. ಮರೆತಳೆಂದು ಸಭೆಯಲ್ಲಿ ಗುಜುಗುಜು. ಅವಳು ಕಣ್ಣು ಮುಚ್ಚಿ ಶ್ರುತಿಪೆಟ್ಟಿಗೆಯ ಕಡೆಗೆ ಕಿವಿಗೊಟ್ಟು ಒಂದು ಕ್ಷಣ ಸುಮ್ಮನಿದ್ದು, ಮತ್ತೆ ಮೊದಲಿನಿಂದ ಹಾಡಿದಳು. ಹಾಡು ಮುಗಿಯುವ ಮೊದಲೇ ಗಂಟೆ ಬಾರಿಸಿತು.

ವಿದ್ವಾಂಸರು ಬಾಲಿಕೆಗೆ ಮೊದಲ ಸ್ಥಾನವೆಂದರು. ಧನಿಕ ಮಹನೀಯರು ಹುಡುಗನಿಗೆಂದರು. ನನ್ನ ಹಾಳೆಯೇ ನಿರ್ಣಾಯಕವಾಯಿತು. ವೃದ್ಧರು ನನ್ನ ಕಡೆಗೆ ಬಾಗಿ, "ಮೇಷ್ಟ್ರೇ, ಆ ಮಗು ನಿಲ್ಲಿಸಿದ್ದು ಏಕೆಂದು ತಮಗೆ ತಿಳಿಯಿತೇ?" ಎಂದು ಕೇಳಿದರು. ನಾನು ಹಾಳೆಯ ಅಡಿಯಲ್ಲಿದ್ದ ನಿಯಮವನ್ನು ತೋರಿಸಿದೆನು. ಅವರು ಮರುಮಾತಾಡಲಿಲ್ಲ. ಬಾಲಿಕೆಗೆ ಮೂರನೆಯ ಸ್ಥಾನವೂ ಬರಲಿಲ್ಲ. ಅವಳು ತಪ್ಪಿ ನಿಂತವಳಲ್ಲ, ಶ್ರುತಿಯಿಂದ ಒಂದೆಳೆ ಜಾರಿದುದನ್ನು ತಾನೇ ಕೇಳಿ ನಿಲ್ಲಿಸಿದವಳು ಎಂಬುದು ನನಗೆ ಬಸ್ಸಿನಲ್ಲಿ ಮನೆಗೆ ಬರುವಾಗ ಹೊಳೆಯಿತು. ಸಭೆಯಲ್ಲಿದ್ದ ನಾನೂರು ಜನಕ್ಕೆ ಕೇಳದಿದ್ದುದು ಆ ಮಗುವಿಗೆ ಕೇಳಿಸಿತ್ತು.

ಹನ್ನೆರಡು ವರ್ಷಗಳ ತರುವಾಯ, 2015ರಲ್ಲಿ, ಅದೇ ಊರಿನ ಒಂದು ಔಷಧದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ತರುಣಿಯೊಬ್ಬಳು ನನ್ನನ್ನು ಗುರುತಿಸಿದಳು. "ಸಾರ್, ತಾವು ಅಂದು ಜಡ್ಜಾಗಿ ಬಂದಿದ್ದಿರಿ" ಎಂದಳು. ನನಗೆ ಎದೆ ಧಸಕ್ಕೆಂದಿತು. "ಈಗಲೂ ಹಾಡುತ್ತೀಯೇನಮ್ಮಾ?" ಎಂದು ಕೇಳಿದೆನು. "ಇಲ್ಲ ಸಾರ್. ಆ ವರ್ಷವೇ ಅಪ್ಪ ಪಾಠ ಬಿಡಿಸಿದರು. ಬಹುಮಾನ ಬಾರದ್ದಕ್ಕೆ ತಿಂಗಳು ತಿಂಗಳು ದುಡ್ಡು ಯಾಕೆ ಅಂದರು" ಎಂದು ಸಹಜವಾಗಿ ಹೇಳಿ, ಮಾತ್ರೆಗಳನ್ನು ಕಾಗದದ ಚೀಲಕ್ಕೆ ಹಾಕಿ, ಚಿಲ್ಲರೆಯನ್ನು ಎಣಿಸಿ ಕೊಟ್ಟಳು. ಅವಳ ಮಾತಿನಲ್ಲಿ ದೂರು ಇರಲಿಲ್ಲ. ಕ್ಷಮಿಸೆಂದು ಹೇಳಬೇಕೆಂದು ಬಾಯಿಗೆ ಬಂದಿತು. ಹಿಂದೆ ಗಿರಾಕಿಗಳು ನಿಂತಿದ್ದರು. ಹೇಳದೆಯೇ ಬಂದೆನು.

ಪ್ರಕೃತಕ್ಕೆ ಬರೋಣ. ಭಾನುವಾರ ನನ್ನ ಶಿಷ್ಯನು ಮಗಳೊಡನೆ ಬಂದನು. ನಮ್ಮ ಮನೆಯಾಕೆ ತಂಬೂರಿಯನ್ನು ಶ್ರುತಿಮಾಡಿ ಮಗುವಿನ ಪಕ್ಕದಲ್ಲಿ ಕುಳಿತು ಮೀಟತೊಡಗಿದಳು. "ಏನು ಹಾಡಲಿ ತಾತ?" ಎಂದು ಮಗು ಕೇಳಿತು. "ನಿನಗೆ ಬರುವುದನ್ನೇ ಹಾಡು ಮಗೂ, ಸರಳೆಯಾದರೂ ಸರಿ" ಎಂದೆನು. ತಂದೆಯ ಮುಖದಲ್ಲಿ ಸಂಕೋಚ. ಸರಳೆ ಹಾಡಿಸುವುದಕ್ಕೆ ಇಷ್ಟು ದೂರ ಕರೆದು ತರಬೇಕಾಗಿತ್ತೇ ಎಂಬಂತೆ.

ಮಗು ಷಡ್ಜವನ್ನು ಹಿಡಿಯಿತು. ಎರಡನೆಯ ಕಾಲದಲ್ಲಿ ಮೇಲಕ್ಕೆ ಹತ್ತುತ್ತ ನಿಷಾದದ ಬಳಿ ಹಠಾತ್ತನೆ ನಿಂತಿತು. ಅಪ್ಪನು "ಮುಂದೆ ಹೇಳು ಪುಟ್ಟಾ, ಮರೆತೆಯಾ?" ಎಂದು ಗದರಿದನು. ನಾನು ಕೈಯೆತ್ತಿ ಅವನನ್ನು ಸುಮ್ಮನಿರಿಸಿದೆನು. ಮಗು ತಂಬೂರಿಯ ಕಡೆಗೆ ತಲೆವಾಲಿಸಿ ಸ್ವಲ್ಪ ಹೊತ್ತು ಕೇಳಿ, "ಮರೆತಿಲ್ಲ ಅಪ್ಪ. ಅದು ಕೆಳಗೆ ಬಿತ್ತು. ಇನ್ನೊಂದು ಸಲ ಹಾಡುತ್ತೇನೆ" ಎಂದಿತು.

ಆಕೆಯ ಗುರುಗಳನ್ನು ಬದಲಾಯಿಸಬೇಡವೆಂದು ನಾನು ಅವನಿಗೆ ಹೇಳಿದೆನು. ಏಕೆಂದು ವಿವರಿಸುವುದಕ್ಕೆ ಈ ಲೇಖನದಷ್ಟೇ ಮಾತು ಬೇಕಾಯಿತು. ಔಷಧದ ಅಂಗಡಿಯ ಸಂಗತಿಯನ್ನೂ ಹೇಳಿದೆನು. ಅವನು ಕೇಳಿಕೊಂಡು ಎದ್ದು ಹೋದನು, ಒಪ್ಪಿದನೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. ಹದಿನೈದು ದಿನಗಳಾದ ಮೇಲೆ ದೂರವಾಣಿಯಲ್ಲಿ ಮಾತಾಡಿ, ಒಳ್ಳೆಯ ತಂಬೂರಿಗೆ ಎಷ್ಟು ಬೆಲೆಯಾಗಬಹುದು, ಹಳೆಯದನ್ನು ಕೊಂಡರೆ ನಡೆಯುವುದೇ ಎಂದು ನಮ್ಮ ಮನೆಯಾಕೆಯನ್ನು ವಿಚಾರಿಸಿದನು.